ಹಳ್ಳಿಯ ಯೌವನಸ್ಥರ ಸಂಘಗಳನ್ನು ಕಟ್ಟುವ ವಿಷಯ



ಹಳ್ಳಿಯ ಸಭೆಗಳಲ್ಲಿ ಹಿರಿಯರು ಕೂಡಿದಾಗೆಲ್ಲಾ ಒಂದು ದೂರು ಕೇಳಿಬರುವದುಂಟು. ಅದೇನಂದರೆ, ನಮ್ಮ ಮಕ್ಕಳು ಹದಿಮೂರು ಹದಿನಾಲ್ಕು ವರುಷದ ವರೆಗೆ ಭಾನುವಾರದ ಪಾಠಶಾಲೆಗೆ ತಪ್ಪದೆ ಬರುತ್ತಾರೆ. ಮೀಸೆ ಚಿಗುರುವ ವೇಳೆಗೆ ಗಂಡುಮಕ್ಕಳು ಕಾಣೆಯಾಗುತ್ತಾರೆ. ಹೆಣ್ಣುಮಕ್ಕಳಾದರೋ ಮದುವೆಯ ತನಕ ಹಿಂದಿನ ಚಾಪೆಯ ಮೇಲೆ ಮೌನವಾಗಿ ಕೂತಿದ್ದು, ಮದುವೆಯಾದ ಬಳಿಕ ಇನ್ನೊಂದೂರಿನ ಹಿಂದಿನ ಚಾಪೆಗೆ ಹೊರಟುಹೋಗುತ್ತಾರೆ. ಕೆಲವರು ಇದಕ್ಕೆ ಕಾಲದೋಷವೇ ಕಾರಣವೆನ್ನುವರು. ಕೆಲವರು ಕೈಯೊಳಗಿನ ಫೋನನ್ನು ದೂರುವರು. ಇವೆರಡನ್ನೂ ನಾನು ಸುಳ್ಳೆನ್ನುವದಿಲ್ಲ. ಆದರೆ ಯೌವನಸ್ಥರಿಗೋಸ್ಕರ ನಾವು ಮಾಡುವ ಏರ್ಪಾಡುಗಳಲ್ಲಿಯೇ ಒಂದು ಕೊರತೆ ಇರುತ್ತದೆಂಬದನ್ನು ನಾನು ಸ್ವಂತ ಅನುಭವದಿಂದ ಕಲಿತೆನಾದ್ದರಿಂದ, ಈ ಪಾಠದಲ್ಲಿ ಅದನ್ನೇ ವಿಚಾರಿಸೋಣ.

ನಾನು ಸೆಮಿನರಿಯ ಓದನ್ನು ಮುಗಿಸಿ ಮೊದಲನೆಯ ಊರಿಗೆ ಉಪದೇಶಿಯಾಗಿ ಹೋದಾಗ, ಬಹಳ ಉತ್ಸಾಹದಿಂದ ಒಂದು ಯುವಕ ಸಂಘವನ್ನು ಸ್ಥಾಪಿಸಿದೆನು. ಮೊದಲನೆಯ ಕೂಟಕ್ಕೆ ಇಪ್ಪತ್ತೆರಡು ಮಂದಿ ಬಂದರು. ಹನ್ನೆರಡು ತಿಂಗಳ ಕಾರ್ಯಕ್ರಮವನ್ನು ನಾನೇ ಬರೆದು ಗೋಡೆಗೆ ಅಂಟಿಸಿದ್ದೆನು. ಆರೋಗ್ಯದ ಮೇಲೆ ಉಪನ್ಯಾಸ, ಮಿತವ್ಯಯದ ಮೇಲೆ ಉಪನ್ಯಾಸ, ನಾಯಕತ್ವದ ಮೇಲೆ ಉಪನ್ಯಾಸ. ಅಧ್ಯಕ್ಷನು ನಾನು, ಕಾರ್ಯದರ್ಶಿಯು ನಾನು, ಪೆಟ್ಟಿಗೆಯ ಬೀಗದ ಕೈ ನನ್ನ ಜೇಬಿನಲ್ಲಿ. ನಾಲ್ಕನೆಯ ತಿಂಗಳಲ್ಲಿ ಐದು ಮಂದಿ ಉಳಿದರು. ಅವರಲ್ಲಿ ಇಬ್ಬರು ನನ್ನ ನೆರೆಮನೆಯವರಾದ್ದರಿಂದ ತಪ್ಪಿಸಿಕೊಳ್ಳಲಾರದೆ ಬಂದವರು. ನಾಯಕತ್ವದ ಉಪನ್ಯಾಸವು ಮುಗಿದ ಸಾಯಂಕಾಲ ಅವರಲ್ಲೊಬ್ಬನು, "ಅಯ್ಯನವರೇ, ಇದರಲ್ಲಿ ನಮ್ಮ ಕೆಲಸ ಯಾವದು?" ಎಂದು ಕೇಳಿದನು. ನಾನು, "ಕೇಳಿಸಿಕೊಳ್ಳುವದು" ಎಂದೆನು. ಆ ಉತ್ತರವನ್ನು ಈಗ ನೆನಸಿಕೊಂಡರೆ ನಾಚಿಕೆಯಾಗುತ್ತದೆ. ಆರನೆಯ ತಿಂಗಳಲ್ಲಿ ಸಂಘವು ನಿಂತುಹೋಯಿತು.

ಈ ಪ್ರಶ್ನೆಗೆ ತಕ್ಕ ಉತ್ತರವನ್ನು ಕೊಟ್ಟ ಜನರು ಲೋಕದಲ್ಲಿ ಇದ್ದರೆಂಬದು ನನಗೆ ಆಮೇಲೆ ಓದಿನಿಂದ ತಿಳಿಯಿತು. ಅವರ ಕೆಲಸದ ಚರಿತ್ರೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಯಾಕಂದರೆ ಅದು ಒಕ್ಕಲು ಮಕ್ಕಳ ಚರಿತ್ರೆ, ನಮಗೆ ದೂರದ್ದಲ್ಲ.

ಅಮೇರಿಕ ದೇಶದ ಒಹಾಯೊ ಸಂಸ್ಥಾನದಲ್ಲಿ ಸ್ಪ್ರಿಂಗ್‌ಫೀಲ್ಡ್ ಎಂಬ ಊರುಂಟು. ಅಲ್ಲಿನ ಹಳ್ಳಿಯ ಶಾಲೆಗಳ ಮೇಲ್ವಿಚಾರಕನಾಗಿದ್ದ ಆಲ್ಬರ್ಟ್ ಗ್ರಹಮ್ ಎಂಬವನು 1902ನೇ ಇಸವಿ ಜನವರಿ 15ರಂದು ಸುಮಾರು ಮೂವತ್ತು ಮಂದಿ ಹುಡುಗರನ್ನೂ ಹುಡುಗಿಯರನ್ನೂ ಕೋರ್ಟು ಕಟ್ಟಡದ ನೆಲಮಾಳಿಗೆಯಲ್ಲಿ ಕೂಡಿಸಿದನು. ಅವರೆಲ್ಲರೂ ರೈತರ ಮಕ್ಕಳು. ಅವರ ಶಾಲೆಯ ಪುಸ್ತಕಗಳಲ್ಲಿ ಅವರ ಹೊಲದ ಸುದ್ದಿಯೇ ಇರಲಿಲ್ಲ. ಗ್ರಹಮನು ಅವರಿಗೆ ಉಪನ್ಯಾಸ ಮಾಡುವದರ ಬದಲಾಗಿ ಬಣ್ಣ ಬದಲಿಸುವ ಲಿಟ್ಮಸ್ ಕಾಗದವನ್ನು ಕೊಟ್ಟು, ತಮ್ಮ ತಮ್ಮ ಹೊಲದ ಮಣ್ಣು ಹುಳಿಯೋ ಅಲ್ಲವೋ ಎಂದು ಪರೀಕ್ಷಿಸಲು ಕಲಿಸಿದನು. ಒಳ್ಳೆಯ ಮೆಕ್ಕೆಜೋಳದ ಬೀಜಗಳನ್ನು ಕೊಟ್ಟು ಬೆಳೆಸಿ ನೋಡಿರೆಂದನು. ಮಗುವು ಮಣ್ಣನ್ನು ಪರೀಕ್ಷಿಸಿ ಬಂದು ತಂದೆಗೆ ಸುದ್ದಿ ಹೇಳುವದು. ತಂದೆಯು ಮೊದಲು ನಕ್ಕು, ಆಮೇಲೆ ಕೇಳುವನು. ಈ ಕೆಲಸವು ಎಷ್ಟು ಬೇಗ ಹೆಸರುಗೊಂಡಿತೆಂದರೆ, 1905ರಲ್ಲಿ ಒಹಾಯೊ ಸ್ಟೇಟ್ ವಿಶ್ವವಿದ್ಯಾನಿಲಯದವರು ಗ್ರಹಮನನ್ನೇ ಕರೆದು ತಮ್ಮ ಕೃಷಿಪ್ರಚಾರ ಶಾಖೆಯ ಮುಖ್ಯಸ್ಥನನ್ನಾಗಿ ಮಾಡಿದರು.

ದಕ್ಷಿಣದ ಮಿಸ್ಸಿಸ್ಸಿಪ್ಪಿ ಸಂಸ್ಥಾನದ ಹೋಮ್ಸ್ ಜಿಲ್ಲೆಯಲ್ಲಿ ವಿಲಿಯಮ್ ಸ್ಮಿತ್ ಎಂಬ ಶಾಲಾಧಿಕಾರಿಯು 1907ರಲ್ಲಿ ನೂರಕ್ಕೆ ಮೇಲ್ಪಟ್ಟ ಹುಡುಗರನ್ನು ಕೂಡಿಸಿ ಜೋಳದ ಸಂಘವನ್ನು ಕಟ್ಟಿದನು. ಇಂಥವರಿಗೆ ಬೆಂಬಲವಾಗಿ ನಿಂತವನು ಸೀಮನ್ ನ್ಯಾಪ್ ಎಂಬ ಮುದುಕನು. ರೈತನು ಕೇಳಿದ್ದನ್ನೂ ಕಂಡದ್ದನ್ನೂ ಸಂದೇಹಿಸಿಯಾನು, ತನ್ನ ಹೊಲದಲ್ಲಿ ತಾನೇ ಮಾಡಿದ್ದನ್ನು ಸಂದೇಹಿಸಲಾರನು ಎಂಬದೇ ಆತನ ಸಿದ್ಧಾಂತವಾಗಿತ್ತು. ದೊಡ್ಡವರಿಗೆ ಸಲ್ಲುವ ಈ ಮಾತು ಮಕ್ಕಳಿಗೂ ಸಲ್ಲುವದೆಂದು ಅವರು ಕಂಡುಕೊಂಡರು.

ಈ ಜೋಳದ ಸಂಘಗಳ ನಿಯಮಗಳನ್ನು ಗಮನಿಸಿರಿ. ಪ್ರತಿ ಹುಡುಗನಿಗೆ ತನ್ನದೆಂದು ಅಳೆದ ಒಂದು ಎಕರೆ ನೆಲವಿರಬೇಕು. ಕೆಲಸವನ್ನು ಅವನೇ ಮಾಡಬೇಕು. ಗೊಬ್ಬರದ ಬೆಲೆ, ನೆಲದ ಗೇಣಿ, ತನ್ನ ಸ್ವಂತ ದುಡಿಮೆಯ ಕೂಲಿ ಸಹ, ಎಲ್ಲವನ್ನೂ ಪುಸ್ತಕದಲ್ಲಿ ಬರೆಯಬೇಕು. ಬಹುಮಾನವು ಹೆಚ್ಚು ಬೆಳೆದವನಿಗೇ ಹೋಗುವದೆಂದು ಎಣಿಸಬೇಡಿರಿ. ಬೆಳೆ ಎಷ್ಟು, ಖರ್ಚು ಕಳೆದು ಲಾಭವೆಷ್ಟು, ಆರಿಸಿ ತಂದ ತೆನೆಗಳ ಗುಣವೇನು, ಬೆಳೆಸಿದ ವಿಧವನ್ನು ಎಷ್ಟು ಚೆನ್ನಾಗಿ ಬರೆದನು, ಈ ನಾಲ್ಕನ್ನೂ ತೂಗಿ ನೋಡುತ್ತಿದ್ದರು. ಅಂದರೆ ದುಡಿಮೆಯ ಜೊತೆಗೆ ಲೆಕ್ಕವನ್ನೂ, ಆಯ್ಕೆಯನ್ನೂ, ಮಾತನ್ನೂ ಕಲಿಯದೆ ಗತಿಯಿರಲಿಲ್ಲ. ದಕ್ಷಿಣ ಕೆರೊಲಿನದ ಜೆರಿ ಮೂರ್ ಎಂಬ ಹುಡುಗನು 1910ರಲ್ಲಿ ಒಂದೇ ಎಕರೆಯಲ್ಲಿ ಸುಮಾರು 228 ಬುಷೆಲ್ ಜೋಳವನ್ನು ಬೆಳೆದನು. ನಮ್ಮ ತೂಕದಲ್ಲಿ ಹೇಳುವದಾದರೆ ಹತ್ತಿರ ಹತ್ತಿರ 58 ಕ್ವಿಂಟಾಲು! ಅನುಭವಸ್ಥರಾದ ನೆರೆಹೊಲದವರು ಅದರಲ್ಲಿ ಒಂದು ಚಿಕ್ಕ ಪಾಲನ್ನು ಬೆಳೆಯುತ್ತಿದ್ದ ಕಾಲವದು. ಆ ಹುಡುಗನ ಹೊಲವನ್ನು ನೋಡಲು ಹಿರಿಯರೇ ಬಂದರೆಂದರೆ ಆಶ್ಚರ್ಯವಿಲ್ಲ.

ಅದೇ ಸಂಸ್ಥಾನದ ಎಯ್ಕನ್ ಜಿಲ್ಲೆಯಲ್ಲಿ ಮರೀ ಕ್ರೋಮರ್ ಎಂಬ ಹಳ್ಳಿಯ ಉಪಾಧ್ಯಾಯಿನಿಯಿದ್ದಳು. ಹುಡುಗರ ಜೋಳದ ಸಂಘಗಳ ವಿಷಯವಾದ ಭಾಷಣವನ್ನು ಕೇಳಿ, ಹುಡುಗಿಯರಿಗೋಸ್ಕರ ತಾನು ಏನಾದರೂ ಮಾಡಿಯೇ ತೀರಬೇಕೆಂದು ನಿಶ್ಚಯಿಸಿಕೊಂಡಳು. 1910ರಲ್ಲಿ ಅವಳು ಕಟ್ಟಿದ್ದು ಟೊಮೇಟೊ ಸಂಘ. ಒಬ್ಬೊಬ್ಬ ಹುಡುಗಿಗೆ ಎಕರೆಯ ಹತ್ತರಲ್ಲಿ ಒಂದು ಪಾಲು. ನಮ್ಮ ಲೆಕ್ಕದಲ್ಲಿ ನಾಲ್ಕು ಗುಂಟೆ. ನೆಟ್ಟು, ಕಳೆ ತೆಗೆದು, ಹಣ್ಣನ್ನು ಕೊಯ್ದು, ಬೇಯಿಸಿ ಡಬ್ಬಿಗಳಲ್ಲಿ ಕೆಡದಂತೆ ಮುಚ್ಚಿ, ಮಾರಿ ಬಂದ ಹಣವನ್ನು ಅವಳೇ ಎಣಿಸಿಕೊಳ್ಳುವದು. ಹೆಣ್ಣುಮಕ್ಕಳ ಕೈಗೆ ತಮ್ಮ ಹೆಸರಿನ ಹಣ ಬರುವದು ಆ ಹಳ್ಳಿಗಳಲ್ಲಿ ಎಷ್ಟು ಹೊಸದಾಗಿತ್ತೆಂಬದನ್ನು ನಮ್ಮ ಹೆಂಗಸರಿಗೆ ನಾನು ವಿವರಿಸಬೇಕಾಗಿಲ್ಲ.

1914ರಲ್ಲಿ ಆ ದೇಶದ ಸರಕಾರವು ಕಾಯಿದೆ ಮಾಡಿ ಈ ಕೆಲಸಕ್ಕೆ ಹಣವನ್ನು ಒದಗಿಸಿತು. ಸಂಘಗಳಿಗೆ ನಾಲ್ಕು ಎಲೆಯ ಹುಲ್ಲಿನ ಗುರುತು ಬಂತು. ತಲೆ, ಹೃದಯ, ಕೈ, ಆರೋಗ್ಯ ಎಂಬವುಗಳಿಗೆ ಇಂಗ್ಲಿಷಿನಲ್ಲಿರುವ ಶಬ್ದಗಳು ಎಚ್ ಅಕ್ಷರದಿಂದ ಆರಂಭವಾಗುವದರಿಂದ ಅವಕ್ಕೆ ನಾಲ್ಕು ಎಚ್ ಸಂಘಗಳೆಂದು ಹೆಸರಾಯಿತು. ಅವು ಈ ಹೊತ್ತಿಗೂ ಇರುತ್ತವೆ.

ಆದರೆ ಈ ಚರಿತ್ರೆಯಲ್ಲಿ ಒಂದು ಕಲೆಯೂ ಉಂಟು. ಅದನ್ನು ಮುಚ್ಚಿಡುವದು ಸರಿಯಲ್ಲ. ದಕ್ಷಿಣದ ಸಂಸ್ಥಾನಗಳಲ್ಲಿ ಕರಿಯ ಮಕ್ಕಳನ್ನು ಬಿಳಿಯರ ಸಂಘಗಳಿಗೆ ಸೇರಿಸುತ್ತಿರಲಿಲ್ಲ. ಟಸ್ಕೀಗಿಯ ವಿದ್ಯಾಸಂಸ್ಥೆಯಲ್ಲಿ ಓದಿದ ಥಾಮಸ್ ಕ್ಯಾಂಪ್‌ಬೆಲ್ ಎಂಬ ಕರಿಯ ಜನಾಂಗದವನು 1906ರಿಂದ ಬಂಡಿಯಲ್ಲಿ ಉಪಕರಣಗಳನ್ನು ಹೇರಿಕೊಂಡು ತನ್ನ ಜನರ ಹಳ್ಳಿಗಳಿಗೆ ತಾನೇ ಹೋಗಿ ಕಲಿಸಿದನು. ಅವರ ಮಕ್ಕಳಿಗೆ ಬೇರೆ ಸಂಘಗಳು, ಕಡಿಮೆ ಹಣ. 1964ರ ನಾಗರಿಕ ಹಕ್ಕುಗಳ ಕಾಯಿದೆಯಾದ ಮೇಲೆಯೇ ಈ ಬೇಲಿ ಬಿದ್ದಿತು. ತಲೆ, ಹೃದಯ ಎಂದು ಗುರುತಿನಲ್ಲಿ ಬರೆದುಕೊಂಡವರು ಅರ್ಧ ಶತಮಾನ ಹೀಗೆ ಮಾಡಿದರು. ನಾವು ಅವರನ್ನು ನೋಡಿ ತಲೆಯಾಡಿಸುವ ಮೊದಲು, ನಮ್ಮ ಸಂಘದ ಪಟ್ಟಿಯಲ್ಲಿ ಯಾವ ಕೇರಿಯ ಮಕ್ಕಳ ಹೆಸರುಗಳು ಇಲ್ಲವೆಂದು ಒಮ್ಮೆ ಓದಿ ನೋಡಿಕೊಳ್ಳುವದು ಒಳ್ಳೇದು.

ನಮ್ಮ ದೇಶದಲ್ಲಿಯೂ ಇಂಥ ಪ್ರಯತ್ನಗಳು ಆದವು. ಸೇಲಮಿನವರಾದ ಕೆ. ಟಿ. ಪಾಲ್ ಎಂಬವರು ಕ್ರೈಸ್ತ ಯುವಕರ ಸಂಸ್ಥೆಯನ್ನು ಪಟ್ಟಣಗಳಿಂದ ಹಳ್ಳಿಗಳ ಕಡೆಗೆ ತಿರುಗಿಸಿದರು. 1920ರ ದಶಕದಲ್ಲಿ ಆಗಿನ ತಿರುವಾಂಕೂರಿನ, ಈಗಿನ ಕನ್ಯಾಕುಮಾರಿ ಜಿಲ್ಲೆಯ ಮಾರ್ತಾಂಡಮ್ ಎಂಬಲ್ಲಿ ಸ್ಪೆನ್ಸರ್ ಹ್ಯಾಚ್ ಎಂಬವನು ಅದೇ ಸಂಸ್ಥೆಯ ಗ್ರಾಮಕೇಂದ್ರವನ್ನು ನಡಿಸಿದನು. ಬಡವರು ಸಾಕಬಹುದಾದ ಕೋಳಿ, ಪೆಟ್ಟಿಗೆಯಲ್ಲಿ ಸಾಕುವ ಜೇನು, ಇವೇ ಅಲ್ಲಿನ ಪಾಠಗಳು. ಮೊಟ್ಟೆಗಳನ್ನು ಗಾತ್ರ ನೋಡಿ ವಿಂಗಡಿಸಿ, ಒಗ್ಗಟ್ಟಾಗಿ ದೂರದ ಪಟ್ಟಣಗಳಿಗೆ ಮಾರುತ್ತಿದ್ದರು. ಕೆಟ್ಟ ಮೊಟ್ಟೆಯನ್ನು ಸೇರಿಸಿದವನಿಂದ ಎಲ್ಲರ ಹೆಸರೂ ಕೆಡುವದೆಂದು ಕಲಿಯಲು ಬೇರೆ ಉಪನ್ಯಾಸ ಬೇಕಾಗಲಿಲ್ಲ. ಮಾರ್ತಾಂಡಮ್ ಇಂದಿಗೂ ಜೇನಿಗೆ ಹೆಸರಾದ ಊರು.

ಈಗ ನಮ್ಮ ಊರಿಗೆ ಬರೋಣ. ಯೌವನಸ್ಥರ ಏರ್ಪಾಡನ್ನು ಯೋಚಿಸುವವನು ಮೊದಲು ಕೇಳಿಕೊಳ್ಳತಕ್ಕ ಪ್ರಶ್ನೆ, ಅವರಿಗೆ ನಾನು ಏನು ಹೇಳಲಿ ಎಂಬದಲ್ಲ. ಅವರ ಕೈಗೆ ನಾನು ಏನು ಬಿಟ್ಟುಕೊಡಲಿ ಎಂಬದು. ಅದು ನಿಜವಾದ ವಸ್ತುವಾಗಿರಬೇಕು. ಕೆಟ್ಟರೆ ನಷ್ಟವಾಗುವಂಥದ್ದು, ಬೆಳೆದರೆ ಕಣ್ಣಿಗೆ ಕಾಣುವಂಥದ್ದು.

"ನಮಗೆ ಎಕರೆಗಳೆಲ್ಲಿ?" ಎಂದು ನೀವು ಕೇಳುವಿರಿ. ನಮ್ಮ ಸಭೆಗಳಲ್ಲಿ ಹೊಲವಿಲ್ಲದವರೇ ಬಹಳ. ಜೋಳದ ಸಂಘವನ್ನು ಹಾಗೆಯೇ ಕಿತ್ತು ತಂದು ಇಲ್ಲಿ ನೆಡುವದು ಬುದ್ಧಿವಂತಿಕೆಯಲ್ಲ. ಆದರೆ ಮನೆಯ ಹಿಂದೆ ಬಚ್ಚಲ ನೀರು ಹರಿಯುವ ಜಾಗದಲ್ಲಿ ನುಗ್ಗೆಯೂ ಬಸಳೆಯೂ ಬೆಳೆಯುತ್ತವೆ. ಮೂರು ಕೋಳಿಗಳಿಗೆ ಒಂದು ಬುಟ್ಟಿ ಸಾಕು. ಸೈಕಲ್ಲು ರಿಪೇರಿ, ಹೊಲಿಗೆ, ಸಭೆಯ ಆವರಣದಲ್ಲಿ ಸಸಿಮಡಿ, ಹೀಗೆ ಊರೂರಿಗೆ ತಕ್ಕದ್ದುಂಟು. ಯಾವದನ್ನು ಆರಿಸಿಕೊಳ್ಳಬೇಕೆಂಬದನ್ನು ಅವರೇ ಕೂತು ವಾದಿಸಿ ನಿರ್ಣಯಿಸಲಿ. ಆ ವಾದವೇ ಮೊದಲನೆಯ ಪಾಠ. ವಿಶ್ವ ಆರೋಗ್ಯ ಸಂಸ್ಥೆಯವರು 1990ರ ದಶಕದಲ್ಲಿ ಜೀವನ ಕೌಶಲಗಳೆಂದು ಹತ್ತನ್ನು ಹೆಸರಿಸಿದರು: ನಿರ್ಣಯ ಮಾಡುವದು, ತೊಡಕನ್ನು ಬಿಡಿಸುವದು, ಮನಸ್ಸಿನಲ್ಲಿರುವದನ್ನು ತಿಳಿಯುವಂತೆ ಹೇಳುವದು, ಪರರ ಕಷ್ಟವನ್ನು ಅರಿಯುವದು, ಸಿಟ್ಟು ದುಃಖಗಳನ್ನು ತಾಳಿಕೊಳ್ಳುವದು ಮುಂತಾದವು. ಪಟ್ಟಿಯು ಒಳ್ಳೇದೇ, ಆದರೆ ಅದನ್ನು ಹಲಗೆಯ ಮೇಲೆ ಬರೆದು ಕಂಠಪಾಠ ಮಾಡಿಸಿದರೆ ನನ್ನ ಮೊದಲನೆಯ ಸಂಘದ ಗತಿಯೇ ಆಗುವದು. ಕೋಳಿಗೆ ರೋಗ ಬಂದ ದಿನ ಆ ಹತ್ತರಲ್ಲಿ ಆರು ಏಳು ತಾವಾಗಿಯೇ ಬೇಕಾಗುತ್ತವೆ.

ನನ್ನ ಎರಡನೆಯ ಸಂಘವು ಇನ್ನೊಂದೂರಿನಲ್ಲಿ ಒಂಭತ್ತು ಮಂದಿಯಿಂದ ಆರಂಭವಾಯಿತು. ಐದು ಹುಡುಗಿಯರು, ನಾಲ್ಕು ಹುಡುಗರು. ಒಬ್ಬೊಬ್ಬರಿಗೆ ಮೂರು ನಾಟಿ ಹೇಂಟೆಗಳು, ಸಂಘದ ಪೆಟ್ಟಿಗೆಯಿಂದ ಸಾಲವಾಗಿ. ಇಲ್ಲಿಯೂ ಒಂದು ತಪ್ಪನ್ನು ಮಾಡಿದೆನು. ತಂದೆತಾಯಿಗಳ ಸಂಗಡ ಮೊದಲೇ ಮಾತಾಡಲಿಲ್ಲ. ಎರಡನೆಯ ತಿಂಗಳಲ್ಲಿ ಒಬ್ಬ ಹುಡುಗನ ತಂದೆಯು ಸಾಲಗಾರನ ಕಾಟ ತಾಳಲಾರದೆ ಮೂರು ಕೋಳಿಗಳನ್ನೂ ಸಂತೆಗೆ ಒಯ್ದು ಮಾರಿಬಿಟ್ಟನು. ತಂದೆಯನ್ನು ನಾನು ದೂರುವದಿಲ್ಲ. ಹಸಿವು ನಿಯಮಗಳನ್ನು ಓದುವದಿಲ್ಲ. ಆದರೆ ಆ ಹುಡುಗನು ಕೂಟಕ್ಕೆ ಬರುವದನ್ನು ಬಿಟ್ಟನು. ಮೂರು ಸಾರಿ ಕರೆಯಹೋದರೂ ಹಿತ್ತಲಿಂದ ತಪ್ಪಿಸಿಕೊಂಡನು. ಈಗ ಅವನು ಬೆಂಗಳೂರಿನಲ್ಲಿ ಕಟ್ಟಡದ ಕೆಲಸದಲ್ಲಿರುವನೆಂದು ಕೇಳುತ್ತೇನೆ. ಸಾಕುವಾಗ ಮಗನ ಕರು, ಮಾರುವಾಗ ಅಪ್ಪನ ಹಸು ಎಂಬ ಹಾಗಾದರೆ ಯಾವ ಸಂಘವೂ ನಿಲ್ಲದು. ಆದಕಾರಣ ಈಗ ವಸ್ತುವನ್ನು ಕೊಡುವ ಮೊದಲು ತಂದೆತಾಯಿಗಳನ್ನು ಕರಿಸಿ, ಇದು ಮಗುವಿನದು, ಮಾರಬೇಕಾದ ಕಷ್ಟ ಬಂದರೆ ಸಂಘಕ್ಕೆ ಮೊದಲು ತಿಳಿಸುತ್ತೇವೆ ಎಂದು ಎಲ್ಲರ ಮುಂದೆ ಹೇಳಿಸುತ್ತೇವೆ. ಕಾಗದಕ್ಕಿಂತ ಹತ್ತು ಮಂದಿಯ ಎದುರಿಗೆ ಆಡಿದ ಮಾತು ನಮ್ಮ ಹಳ್ಳಿಗಳಲ್ಲಿ ಹೆಚ್ಚು ದಿನ ಬಾಳುತ್ತದೆ. ಕಷ್ಟ ಬಂದವರಿಗೆ ಪೆಟ್ಟಿಗೆಯಿಂದ ಸ್ವಲ್ಪ ಕೈಸಾಲ ಕೊಡುವ ನಿಯಮವನ್ನೂ ಮಕ್ಕಳೇ ಮಾಡಿದರು.

ಇನ್ನು ಅಧಿಕಾರಗಳ ವಿಷಯ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಈ ಮೂವರೂ ಮಕ್ಕಳಲ್ಲಿಯೇ ಆರಿಸಲ್ಪಡಬೇಕು. ಆರು ತಿಂಗಳಿಗೊಮ್ಮೆ ಬದಲಾಗಬೇಕು. ಇಲ್ಲವಾದರೆ ಚುರುಕು ನಾಲಿಗೆಯ ಒಬ್ಬನು ಸಂಘವನ್ನೆಲ್ಲಾ ನುಂಗಿಬಿಡುವನು, ಮತ್ತು ನಾವು ಅವನನ್ನೇ ನಾಯಕನೆಂದು ಹೊಗಳುವೆವು. ಬರಹದಲ್ಲಿ ಹಿಂದಾದವರು ಕಾರ್ಯದರ್ಶಿಯಾದರೆ ವರದಿಯು ನಾಲ್ಕು ಸಾಲಾಗಲಿ, ತಪ್ಪುಗಳಿರಲಿ. ತಿದ್ದುವದಕ್ಕೆ ಕೆಂಪು ಶಾಯಿಯನ್ನು ಹಿಡಿದುಕೊಂಡು ಕೂತಿರಬೇಡಿರಿ. ಕೂಟವು ಒಂದು ತಾಸನ್ನು ಮೀರದಿರಲಿ. ಹುಡುಗಿಯರು ಕತ್ತಲಲ್ಲಿ ಮನೆಗೆ ಹೋಗುವಂತಾಗಬಾರದಾದ್ದರಿಂದ ಮಧ್ಯಾಹ್ನ ನಾಲ್ಕು ಗಂಟೆ ಒಳ್ಳೇ ಹೊತ್ತು. ಹಿರಿಯರು ಇಬ್ಬರಿರಬೇಕು, ಅವರಲ್ಲಿ ಒಬ್ಬಳು ಹೆಂಗಸು. ದೊಡ್ಡವರೊಬ್ಬರೇ ಒಂದು ಮಗುವಿನ ಸಂಗಡ ಏಕಾಂತದಲ್ಲಿರುವ ಸಂದರ್ಭವನ್ನೇ ಉಂಟುಮಾಡಬಾರದು. ಉಪದೇಶಿಗೂ ಈ ನಿಯಮದಿಂದ ವಿನಾಯಿತಿಯಿಲ್ಲ.

ಹಿರಿಯನು ಎಲ್ಲಿ ಕೂತುಕೊಳ್ಳಬೇಕು? ಹಿಂದಿನ ಚಾಪೆಯ ಮೇಲೆ. ಇದು ನನಗೆ ಎಲ್ಲಕ್ಕಿಂತ ಕಷ್ಟವಾಗಿ ತೋರಿತು. ಮೊದಲನೆಯ ವರುಷದ ಕೊನೆಗೆ ಲೆಕ್ಕ ನೋಡುವಾಗ ಪೆಟ್ಟಿಗೆಯಲ್ಲಿ ನಲವತ್ತು ರೂಪಾಯಿ ಕಡಿಮೆಯಿತ್ತು. ಹದಿನಾರು ವರುಷದ ಹುಡುಗಿಯೊಬ್ಬಳು ಖಜಾಂಚಿಯಾಗಿದ್ದಳು. ಅವಳ ಮುಖವು ಬಾಡಿಹೋಯಿತು. ಒಬ್ಬಿಬ್ಬರು ಗುಸುಗುಟ್ಟಿದರು. ನನ್ನ ಕೈ ಜೇಬಿಗೆ ಹೋಯಿತು. ನಲವತ್ತು ರೂಪಾಯಿ ಹಾಕಿಬಿಟ್ಟರೆ ಸಂಕಟವು ಮುಗಿಯುವದಲ್ಲಾ ಎಂದುಕೊಂಡೆನು. ನನ್ನ ಪಕ್ಕದಲ್ಲಿ ಕೂತಿದ್ದ ಸಭೆಯ ಮುದುಕಿಯು ನನ್ನ ಮುಂಗೈಯನ್ನು ಹಿಡಿದು, "ಸುಮ್ಮನಿರಿ" ಎಂದಳು. ಆ ಹುಡುಗಿಯು ಪುಸ್ತಕವನ್ನು ಮನೆಗೆ ಒಯ್ದು, ಮೂರು ರಾತ್ರಿ ಕೂತು ಒಂದೊಂದೇ ಸಾಲನ್ನು ಕೂಡಿ ಕಳೆದು ನೋಡಿದಳು. ಭಾದ್ರಪದದ ಒಂದು ಸಂತೆಯ ದಿನ ತೌಡಿಗಾಗಿ ಕೊಟ್ಟ ಹಣವನ್ನು ಬರೆಯಲು ಮರೆತದ್ದು ಸಿಕ್ಕಿತು. ಅಂಗಡಿಯವನನ್ನು ತಾನೇ ಕಂಡು ಕೇಳಿ ಖಚಿತಮಾಡಿಕೊಂಡಳು. ಮುಂದಿನ ಕೂಟದಲ್ಲಿ ಎದ್ದು ನಿಂತು, ತಪ್ಪು ತನ್ನದೇ, ಇಂಥ ದಿನ, ಇಂಥ ಬಾಬತ್ತು ಎಂದು ಗಟ್ಟಿಯಾಗಿ ಓದಿದಳು. ಗುಸುಗುಟ್ಟಿದವರು ತಲೆ ತಗ್ಗಿಸಿದರು. ನಾನು ಜೇಬಿನಿಂದ ಹಣ ಹಾಕಿದ್ದರೆ ಅವಳ ಮೇಲಿನ ಸಂದೇಹವು ಸಾಯುವ ತನಕ ಹೋಗುತ್ತಿರಲಿಲ್ಲ. ಕಳೆದ ವರುಷ ಅವಳು ಮಹಿಳೆಯರ ಸ್ವಸಹಾಯ ಸಂಘದ ಲೆಕ್ಕವನ್ನು ಬರೆಯತೊಡಗಿದಳು. ಹಿಂದಿನ ಚಾಪೆಯನ್ನು ಅವಳು ಬಿಟ್ಟು ಬಹಳ ಕಾಲವಾಯಿತು; ಈಗ ಅಲ್ಲಿ ನಾನಿದ್ದೇನೆ.

ಹಿರಿಯನು ಎಂದಿಗೂ ಬಾಯಿ ತೆರೆಯಬಾರದೆಂದು ನಾನು ಹೇಳುವದಿಲ್ಲ. ಬೆಳೆಗೆ ಹೊಡೆಯುವ ವಿಷದ ಔಷಧವನ್ನು ಮಕ್ಕಳ ಕೈಗೆ ಕೊಡಲಾಗದು. ದೊಡ್ಡ ಸಾಲಕ್ಕೆ ಕೈಹಾಕುವಾಗ ತಡೆಯಬೇಕು. ಒಬ್ಬನನ್ನು ಎಲ್ಲರೂ ಸೇರಿ ಹೀಯಾಳಿಸುವಾಗ ಎದ್ದು ನಿಲ್ಲಬೇಕು. ಇವುಗಳ ಹೊರತು, ಮೊಟ್ಟೆಗಳು ಒಡೆಯಲಿ, ಸಸಿಗಳು ಒಣಗಲಿ, ಕೂಟದಲ್ಲಿ ಜಗಳವಾಗಲಿ, ನಾಲಿಗೆ ಕಚ್ಚಿಕೊಂಡಿರುವದೇ ನಮ್ಮ ಕೆಲಸ.

ಏರ್ಪಾಡು ಫಲಿಸಿತೋ ಇಲ್ಲವೋ ಎಂದು ತಿಳಿಯುವದು ಹೇಗೆ? ಹಾಜರಿ ಪಟ್ಟಿಯಿಂದ ತಿಳಿಯದು. ಸಿಹಿ ಹಂಚಿದ ದಿನ ಯಾರು ತಾನೇ ಬರುವದಿಲ್ಲ? ನೀವು ಇಲ್ಲದ ದಿನ ಕೂಟವು ನಡೆಯುವದೋ ನೋಡಿರಿ. ಕಳೆದ ಮಳೆಗಾಲದಲ್ಲಿ ನಾನು ಜ್ವರದಿಂದ ಎರಡು ವಾರ ಮಲಗಿದ್ದೆನು. ಎರಡನೆಯ ಭಾನುವಾರದ ಸಾಯಂಕಾಲ ಕಾರ್ಯದರ್ಶಿಯಾದ ಹುಡುಗನು ವರದಿ ಪುಸ್ತಕವನ್ನು ಹಾಸಿಗೆಯ ಬಳಿಗೆ ತಂದನು. ಎಂಟು ಮಂದಿ ಕೂಡಿದ್ದರು. ಕೋಳಿಗಳಿಗೆ ಲಸಿಕೆ ಹಾಕಿಸುವ ದಿನವನ್ನು ಗೊತ್ತುಮಾಡಿದ್ದರು. ಕೆಳಗಿನ ಕೇರಿಯ ಇಬ್ಬರು ಮಕ್ಕಳನ್ನು ಸೇರಿಸಿಕೊಳ್ಳುವ ವಿಷಯವಾಗಿ ವಾದವಾಗಿ, ಐದಕ್ಕೆ ಮೂರರ ಮೇರೆಗೆ ಸೇರಿಸಿಕೊಂಡಿದ್ದರು. ಕೊನೆಯ ಸಾಲಿನಲ್ಲಿ, ಮುಂಚಿತವಾಗಿ ತಿಳಿಸದೆ ಎರಡು ಕೂಟಗಳಿಗೆ ಗೈರುಹಾಜರಾದದ್ದಕ್ಕೋಸ್ಕರ ನಿಯಮದ ಪ್ರಕಾರ ಉಪದೇಶಿಯವರಿಗೆ ನಾಲ್ಕು ರೂಪಾಯಿ ದಂಡವೆಂದು ಬರೆದಿತ್ತು. ದಿಂಬಿನ ಕೆಳಗಿನಿಂದ ತೆಗೆದು ಕೊಟ್ಟೆನು. ಅವನು ಎಣಿಸಿಕೊಂಡು ರಸೀತಿಯನ್ನು ಬರೆದುಕೊಟ್ಟನು.